ಮೈಸೂರು ಸೀಮೆಯ ಜಾತಿವಾರು ಹಾಸ್ಟೆಲುಗಳು ಮತ್ತು ಕಾಲೇಜು ಓದು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಹುಡುಗನೊಬ್ಬ ಕಾಲೇಜು ಸೇರಬೇಕೆಂದರೆ ಮುಖ್ಯವಾಗಿ ಎರಡು ಊರುಗಳಿಗೆ ಹೋಗಬೇಕಿತ್ತು: ಸೆಂಟ್ರಲ್ ಕಾಲೇಜಿದ್ದ ಬೆಂಗಳೂರು, ಮಹಾರಾಜಾ ಕಾಲೇಜಿದ್ದ ಮೈಸೂರು. ಫೀಸು ಹೇಗೋ ಹೊಂದಿಸಿದರೂ ಊಟದ ಪ್ರಶ್ನೆ ಉಳಿಯುತ್ತಿತ್ತು. ಯಾರ ಮನೆಯಲ್ಲಿ ಯಾರು ಉಣ್ಣಬಹುದು ಎಂಬ ಕಟ್ಟುಪಾಡು ಬಿಗಿಯಾಗಿದ್ದ ಕಾಲವದು. ಪಟ್ಟಣದಲ್ಲಿ ತನ್ನ ಜಾತಿಯವರ ಮನೆ ಇಲ್ಲದ ಹುಡುಗನಿಗೆ ಅಲ್ಲಿ ನೆಲೆ ಸಿಗುವುದು ಕಷ್ಟವಾಗಿತ್ತು.

ಬ್ರಾಹ್ಮಣ ಹುಡುಗರಿಗೆ ಈ ತೊಡಕಿಗೆ ಹಳೆಯದೊಂದು ಪರಿಹಾರವಿತ್ತು. ಅದೇ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಬಡ ವಿದ್ಯಾರ್ಥಿ ಓದು ಮುಗಿಸುತ್ತಿದ್ದ. ಅದರಲ್ಲಿ ಅವಮಾನವೇನೂ ಕಡಿಮೆ ಇರಲಿಲ್ಲ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಆದರೂ ಅದೊಂದು ವ್ಯವಸ್ಥೆ. ಅಗ್ರಹಾರದ ಬೀದಿಗಳು ಪಟ್ಟಣದಲ್ಲಿ ಮೊದಲಿನಿಂದ ಇದ್ದುದರಿಂದಲೇ ಅದು ನಡೆಯಿತು. ಒಕ್ಕಲಿಗ, ಕುರುಬ, ಬೇಡ ಹುಡುಗರ ನೆಂಟರಿಷ್ಟರು ಬಹುತೇಕ ಹಳ್ಳಿಗಳಲ್ಲೇ ಇದ್ದರು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇರದ ಬ್ರಾಹ್ಮಣರು ಸಂಸ್ಥಾನದ ಪದವೀಧರರಲ್ಲಿ ಬಹುಪಾಲಾಗಿದ್ದುದಕ್ಕೆ ಅಕ್ಷರದ ಪರಂಪರೆಯಷ್ಟೇ ಕಾರಣವಲ್ಲ. ಕಾಲೇಜಿದ್ದ ಊರಲ್ಲಿ ಅವರಿಗೆ ಅನ್ನ ಸಿಗುತ್ತಿತ್ತು ಎಂಬುದೂ ಕಾರಣ.

ಇದನ್ನು ಉಳಿದ ಸಮುದಾಯಗಳ ಮುಖಂಡರು ಬೇಗ ಗ್ರಹಿಸಿದರು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾನಿಧಿ ಸಂಘ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಇಂಥ ಸಂಘಗಳು ಆಸ್ಥೆಯಿಂದ ಹಿಡಿದ ಕೆಲಸಗಳಲ್ಲಿ ಒಂದು, ಪಟ್ಟಣಕ್ಕೆ ಬರುವ ತಮ್ಮ ಹುಡುಗರಿಗೆ ವಿದ್ಯಾರ್ಥಿನಿಲಯ ಕಟ್ಟುವುದು. ಅರಸು ಸಮುದಾಯದ ಹುಡುಗರಿಗೆ ಮೈಸೂರಿನಲ್ಲಿ ಅರಸು ಬೋರ್ಡಿಂಗ್ ಶಾಲೆಯಿತ್ತು. ಮುಂದೆ ಮುಖ್ಯಮಂತ್ರಿಯಾದ ದೇವರಾಜ ಅರಸರು ಓದಿದ್ದು ಅಲ್ಲೇ. ತುಮಕೂರಿನ ಸಿದ್ಧಗಂಗಾ ಮಠ ಜಾತಿಮತ ನೋಡದೆ ಮಕ್ಕಳನ್ನು ಸೇರಿಸಿಕೊಂಡಿತು. 1941ರಲ್ಲಿ ಮಠಾಧಿಪತಿಯಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಅಲ್ಲಿ ಉಂಡು ಓದುವವರ ಸಂಖ್ಯೆ ಬೆಳೆಯುತ್ತ ಸಾವಿರಗಳನ್ನು ಮುಟ್ಟಿತು. ಸಂಘವೂ ಇಲ್ಲದೆ ಮಠವೂ ಇಲ್ಲದೆ ಬಂದವರು ಬಾಡಿಗೆ ಕೋಣೆಗಳಲ್ಲಿ ಪಾಡುಪಡುತ್ತಿದ್ದರು. ಮಲೆನಾಡಿನಿಂದ ಬಂದ ಕುವೆಂಪು ಮೈಸೂರಿನಲ್ಲಿ ನೆಮ್ಮದಿಯಾಗಿ ನೆಲೆಗೊಂಡದ್ದು ರಾಮಕೃಷ್ಣಾಶ್ರಮ ಅವರಿಗೆ ಜಾಗ ಕೊಟ್ಟ ಮೇಲೆಯೇ.

ದಲಿತರ ಪಾಲಿಗೆ ಕಷ್ಟ ಊಟಕ್ಕಿಂತ ಮುಂಚೆ, ಬಾಗಿಲಲ್ಲೇ ಶುರುವಾಗುತ್ತಿತ್ತು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಮಹಾರ್ ಹುಡುಗನೊಬ್ಬ ಅರ್ಜಿ ಕೊಟ್ಟಾಗ ಮುಂಬಯಿ ಸರ್ಕಾರ ಒಪ್ಪಲಿಲ್ಲ. ಒಬ್ಬನಿಗಾಗಿ ಉಳಿದವರನ್ನೆಲ್ಲ ಎದುರುಹಾಕಿಕೊಳ್ಳಲು ಅದಕ್ಕೆ ಮನಸ್ಸಿರಲಿಲ್ಲ. ಶಾಲೆಯೇ ಸಿಗದವನಿಗೆ ಕಾಲೇಜಿನ ಮಾತೆಲ್ಲಿ? ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿ ಶಾಲೆಯ ಜೊತೆಗೆ ವಸತಿಯನ್ನೂ ಒದಗಿಸಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರು ಹೊತ್ತ ಹಾಸ್ಟೆಲು ದಲಿತ ಯುವಕರ ಒಂದು ಇಡೀ ಪೀಳಿಗೆಯನ್ನು ಕಾಲೇಜಿಗೆ ಕಳಿಸಿತು. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ ಆ ಹಾಸ್ಟೆಲಿನ ಬದುಕು ನಗುವಿನೊಂದಿಗೇ ದಾಖಲಾಗಿದೆ.

ಸರ್ಕಾರ ಈ ಅಂತರವನ್ನು ಅಧಿಕೃತವಾಗಿ ಕೈಗೆತ್ತಿಕೊಂಡದ್ದು 1918ರಲ್ಲಿ. ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯ ಮನವಿಗೆ ಓಗೊಟ್ಟು ನಾಲ್ವಡಿ ಕೃಷ್ಣರಾಜ ಒಡೆಯರು ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಹಿಡಿಸಲಿಲ್ಲ. ಅರ್ಹತೆ ಹಿಂದಕ್ಕೆ ಸರಿಯುತ್ತದೆ ಎಂಬುದು ಅವರ ಆತಂಕ. ಅದೇ ವರ್ಷದ ಕೊನೆಗೆ ಅವರು ಅಧಿಕಾರದಿಂದ ದೂರವಾದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕೆಂದು ಸಮಿತಿ ಹೇಳಿತು. ಜನ ನೆನಪಿಟ್ಟುಕೊಂಡದ್ದು ಈ ಮಾತನ್ನು ಮಾತ್ರ. ವಿದ್ಯಾರ್ಥಿವೇತನ, ವಸತಿ ಕುರಿತ ಸಲಹೆಗಳೂ ಅದೇ ವರದಿಯಲ್ಲಿದ್ದವು.

ಸ್ವಾತಂತ್ರ್ಯದ ನಂತರ ಜಗಳ ಹುದ್ದೆಯಿಂದ ಸೀಟಿಗೆ ಬಂತು. ಹಿಂದುಳಿದ ವರ್ಗಗಳನ್ನು ಗುರುತಿಸಲು ನೇಮಕವಾದ ನಾಗನಗೌಡ ಸಮಿತಿ 1961ರ ವರದಿಯಲ್ಲಿ ಹೊಸದೊಂದು ಅಳತೆಗೋಲು ಹಿಡಿಯಿತು: ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಜಾತಿಯ ಸಾವಿರ ಜನಕ್ಕೆ ಎಷ್ಟು ವಿದ್ಯಾರ್ಥಿಗಳಿದ್ದಾರೆ? ರಾಜ್ಯದ ಸರಾಸರಿ 6.9 ಬಂತು, ಲಿಂಗಾಯತರದು 7.1. ಸರಾಸರಿಗಿಂತ ತುಸು ಮೇಲಿದ್ದರೂ ಅವರು ಹಿಂದುಳಿದವರ ಪಟ್ಟಿಯಲ್ಲೇ ಉಳಿದರು. ಇದರ ಆಧಾರದ ಮೇಲೆ 1962ರಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಶೇಕಡಾ 68 ಸೀಟುಗಳನ್ನು ಕಾದಿರಿಸಿದ ಆದೇಶವನ್ನು ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಜಾತಿಯೊಂದೇ ಮಾನದಂಡವಾಗಕೂಡದು, ಮೀಸಲಾತಿ ಸ್ಥೂಲವಾಗಿ ಅರ್ಧವನ್ನು ದಾಟಬಾರದು ಎಂದಿತು. ದೇಶವೆಲ್ಲ ಇಂದು ಚರ್ಚಿಸುವ ಶೇಕಡಾ 50ರ ಗೆರೆ ಹುಟ್ಟಿದ್ದು ಮೈಸೂರಿನ ಸೀಟುಗಳ ಜಗಳದಲ್ಲಿ.

1972ರಲ್ಲಿ ಅರಸು ಸರ್ಕಾರ ಎಲ್.ಜಿ. ಹಾವನೂರು ಆಯೋಗ ನೇಮಿಸಿತು. ಆಯೋಗ ಶಾಲೆಯಲ್ಲಿ ಇರುವವರನ್ನು ಬಿಟ್ಟು ಎಸ್ಸೆಸ್ಸೆಲ್ಸಿ ಪಾಸಾದವರನ್ನು ಸಮುದಾಯವಾರು ಎಣಿಸಿತು. ಅಳತೆ ಹೆಚ್ಚು ಸೂಕ್ಷ್ಮವಾಯಿತು ಎನ್ನಬೇಕು. ದಾಖಲಾತಿ ಸುಲಭ, ಪರೀಕ್ಷೆ ದಾಟುವುದು ಕಷ್ಟ. ಹಿಂದುಳಿದಿರುವಿಕೆ ಕಾಣುವುದು ಅಲ್ಲಿಯೇ. 1975ರ ವರದಿ ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟಾಗ ವಿಧಾನಸಭೆಯ ಒಳಗೂ ಹೊರಗೂ ಗದ್ದಲವಾಯಿತು. ಲಿಂಗಾಯತರು, ಒಕ್ಕಲಿಗರಿಬ್ಬರನ್ನೂ ಕೈಬಿಟ್ಟ ವೆಂಕಟಸ್ವಾಮಿ ಆಯೋಗದ 1986ರ ವರದಿಯನ್ನಂತೂ ಸರ್ಕಾರ ಒಪ್ಪಲೇ ಇಲ್ಲ.

ಆ ವರದಿಗೆ ಎಂಬತ್ತು ವರ್ಷಗಳ ಹಿಂದೆ ಮೊದಲು ಸಂಘ ಕಟ್ಟಿ, ಮೊದಲು ಹಾಸ್ಟೆಲು ತೆರೆದ ಎರಡು ಸಮುದಾಯಗಳೇ ಈ ಲೆಕ್ಕದಲ್ಲಿ ಮುಂದೆ ಬಂದಿದ್ದವು. ಭೂಮಿ, ಸಂಖ್ಯಾಬಲ, ರಾಜಕೀಯ ಅಧಿಕಾರ ಎಲ್ಲವೂ ಅವರ ನೆರವಿಗೆ ಇದ್ದವು, ನಿಜ. ಆದರೆ ಅದನ್ನು ಹಳ್ಳಿಯ ಹುಡುಗನ ಪದವಿಯಾಗಿ ಮಾಡಿದ್ದರಲ್ಲಿ ವಿದ್ಯಾರ್ಥಿನಿಲಯದ ಪಾಲು ದೊಡ್ಡದು. ಹಾಸ್ಟೆಲು ಕಟ್ಟಲು ದಾನಿಗಳಿಲ್ಲದ ಸಣ್ಣಪುಟ್ಟ ಕಸುಬಿನ ಜಾತಿಗಳು ಸರ್ಕಾರಿ ಹಾಸ್ಟೆಲುಗಳು ಬರುವವರೆಗೆ ಕಾಯಬೇಕಾಯಿತು. ಸೀಟುಗಳ ಶೇಕಡಾವಾರಿನ ಬಗ್ಗೆ ಕರ್ನಾಟಕದಲ್ಲಿ ನಡೆದಷ್ಟು ವಾದ ಈ ಹಾಸ್ಟೆಲುಗಳ ಬಗ್ಗೆ ಎಂದೂ ನಡೆಯಲಿಲ್ಲ.