ವಿಕ್ಟೋರಿಯಾ ಯುಗದ ಪತ್ರಿಕೆಗಳಲ್ಲಿ ನ್ಯಾಯಾಲಯದ ಮಸಿಚಿತ್ರಗಳು

1875ನೆಯ ಫೆಬ್ರವರಿ 23ರಂದು ಬರೋಡೆಯಲ್ಲಿ ಅಪೂರ್ವವಾದೊಂದು ವಿಚಾರಣೆ ಆರಂಭವಾಯಿತು. ರೆಸಿಡೆಂಟನಾದ ಕರ್ನಲ್ ಫೇರ್‌ನ ಶರಬತ್ತಿನಲ್ಲಿ ವಿಷ ಬೆರೆಸಲು ಪ್ರೇರಿಸಿದನೆಂಬುದು ಮಹಾರಾಜ ಮಲ್ಹಾರರಾವ್ ಗಾಯಕವಾಡನ ಮೇಲಿದ್ದ ಆರೋಪ. ಆಯೋಗದ ಆರು ಮಂದಿಯಲ್ಲಿ ಮೂವರು ಆಂಗ್ಲರು. ಉಳಿದವರು ಗ್ವಾಲಿಯರ್ ಮತ್ತು ಜಯಪುರದ ಮಹಾರಾಜರು ಹಾಗೂ ಸರ್ ದಿನಕರರಾವ್. ಆಂಗ್ಲ ಸದಸ್ಯರಲ್ಲೊಬ್ಬನಾದ ಸರ್ ರಿಚರ್ಡ್ ಮೀಡ್ 1870ರಿಂದ ಮೈಸೂರಿನ ಚೀಫ್ ಕಮಿಷನರ್ ಆಗಿದ್ದವನು. ನಮ್ಮ ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿ ಸೀಮೆಗಳು ಅವನ ಆಡಳಿತವನ್ನು ಕಂಡಿದ್ದುವು. ಪ್ರತಿವಾದಕ್ಕಾಗಿ ಇಂಗ್ಲೆಂಡಿನಿಂದ ಸರ್ಜೆಂಟ್ ಬ್ಯಾಲಂಟೈನ್ ಬಂದನು. ಲಂಡನ್ನಿನ ಸಚಿತ್ರ ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕಿರಲಿಲ್ಲ.

ಇಂತಹ ಚಿತ್ರಗಳನ್ನು ಇತಿಹಾಸಕಾರನು ಸಾಕ್ಷ್ಯವೆಂದು ಎತ್ತಿಕೊಳ್ಳುವ ಮುನ್ನ ಅವು ಸಿದ್ಧವಾಗುತ್ತಿದ್ದ ಬಗೆಯನ್ನು ಅರಿಯಬೇಕು. 1841ರಲ್ಲಿ ‘ಪಂಚ್’, 1842ರಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಹೊರಟಾಗ ಚಿತ್ರವನ್ನು ಅಚ್ಚಿಗೆ ತರುತ್ತಿದ್ದುದು ಮರದ ಪಡಿಯಚ್ಚಿನಿಂದ. ಚನ್ನಪಟ್ಟಣದ ಬೊಂಬೆಗೆ ಆಲೆ ಮರ ಹೇಗೋ ಈ ಕೆಲಸಕ್ಕೆ ಬಾಕ್ಸ್ ಮರ ಹಾಗೆ: ಒತ್ತಾದ, ನಯವಾದ ಎಳೆಯುಳ್ಳದ್ದು. ಕಲಾವಿದನು ಆ ಮರದ ಮೈಮೇಲೆಯೇ ಬರೆಯುತ್ತಿದ್ದನು. ಕೆತ್ತುವವನು ಗೆರೆಗಳ ನಡುವಣ ಮರವನ್ನು ತೆಗೆದುಹಾಕುತ್ತಿದ್ದನು. ದೊಡ್ಡ ಚಿತ್ರವಾದರೆ ಅಚ್ಚನ್ನು ತುಂಡುತುಂಡಾಗಿ ಬಿಡಿಸಿ ಹಲವರ ಕೈಗೆ ಕೊಡುವುದೂ ಉಂಟು. ಅಚ್ಚು ಸಿದ್ಧವಾಗುವ ಹೊತ್ತಿಗೆ ಮೂಲಚಿತ್ರ ನಾಶವಾಗಿರುತ್ತಿತ್ತು. ನ್ಯಾಯಾಧೀಶನ ಹುಬ್ಬಿನ ಗಂಟು ಕಲಾವಿದನು ಕಂಡದ್ದೋ, ಕೆತ್ತುವವನ ಉಳಿಯ ಅಭ್ಯಾಸವೋ ಎಂದು ನಿರ್ಣಯಿಸಲು ಹೋಲಿಸುವ ಮೂಲವೇ ಇಲ್ಲ.

1860ರ ದಶಕದಿಂದ ಚಿತ್ರವನ್ನು ಛಾಯಾಗ್ರಹಣದ ಮೂಲಕ ಮರಕ್ಕೆ ಇಳಿಸುವ ಕ್ರಮ ಬಳಕೆಗೆ ಬಂದಿತು. ಮುಂದೆ ಸತುವಿನ ತಗಡಿನ ಮೇಲೆ ಆಮ್ಲದಿಂದ ಗೆರೆಯಚ್ಚು ಮಾಡುವ ವಿಧಾನ ಹರಡಿದಾಗ ಕೆತ್ತುವವನೇ ಬೇಡವಾದನು. ಬಿಳಿಯ ಕಾಗದದ ಮೇಲೆ ಕಪ್ಪು ಮಸಿಯ ಖಚಿತ ಗೆರೆ ಛಾಯಾಗ್ರಹಣಕ್ಕೆ ಚೆನ್ನಾಗಿ ಒದಗುತ್ತಿತ್ತು, ಕಾಗದವೂ ಉಳಿಯುತ್ತಿತ್ತು. ಇಂದು ಸಂಗ್ರಹಗಳಲ್ಲಿ ದೊರೆಯುವ ಮೂಲ ಮಸಿಚಿತ್ರಗಳು ಬಹುಮಟ್ಟಿಗೆ ಶತಮಾನದ ಕೊನೆಯ ದಶಕಗಳವಾಗಿರಲು ಇದೇ ಕಾರಣ. ಆ ಕಾಲದವನೇ ಸರ್ ಫ್ರಾಂಕ್ ಲಾಕ್‌ವುಡ್ (1846–1897): ಸ್ವತಃ ವಕೀಲ, 1894ರಲ್ಲಿ ಸಾಲಿಸಿಟರ್ ಜನರಲ್. ವಾದದ ಬಿಡುವಿನಲ್ಲಿ ಸಹೋದ್ಯೋಗಿಗಳ ವ್ಯಂಗ್ಯರೂಪ ಬರೆಯುವುದು ಅವನ ಚಾಳಿ. ನ್ಯಾಯಾಲಯವನ್ನು ಒಳಗಿನಿಂದ ಬಲ್ಲವನ ಗೆರೆಯಾದ್ದರಿಂದ, ನನ್ನ ಅಭಿಪ್ರಾಯದಲ್ಲಿ, ಅದರ ಬೆಲೆ ವೃತ್ತಿಕಲಾವಿದರ ಗೆರೆಗಿಂತ ಕಡಮೆಯಲ್ಲ.

ಬರೋಡೆಯ ಆಯೋಗ ಸಮನಾಗಿ ಒಡೆಯಿತು. ಮೂವರು ಆಂಗ್ಲರಿಗೆ ಆರೋಪ ಸ್ಥಿರಪಟ್ಟಂತೆ ತೋರಿತು, ಮೂವರು ಭಾರತೀಯರಿಗೆ ತೋರಲಿಲ್ಲ. ಆದರೂ ಏಪ್ರಿಲಿನಲ್ಲಿ ದುರಾಡಳಿತದ ಕಾರಣವೊಡ್ಡಿ ಗಾಯಕವಾಡನನ್ನು ಪದಚ್ಯುತಗೊಳಿಸಲಾಯಿತು. ಒಂದೇ ಸಾಕ್ಷ್ಯವನ್ನು ಕೇಳಿದ ಆರು ಮಂದಿ ಹೀಗೆ ಇಬ್ಭಾಗವಾದ ಸಭೆಯನ್ನು, ಅದನ್ನು ಕಣ್ಣಾರೆ ಕಾಣದೆ ಲಂಡನ್ನಿನಲ್ಲಿ ಕುಳಿತು ಕೆತ್ತಿದವನ ಗೆರೆಗಳಲ್ಲಿ ನಾವು ನೋಡಬೇಕಾಗಿದೆ.