ಆಲಿಕಲ್ಲು: ಹೆಸರಿಲ್ಲದ ಉತ್ಪಾತ

ಕೃಷ್ಣಾ ಘಟಪ್ರಭಾ ನದಿಗಳ ಸೀಮೆಯಲ್ಲಿ ಬರಗಾಲಗಳಿಗೆ ಹೆಸರುಂಟು. 1791-92ರ ಕ್ಷಾಮವನ್ನು ಜನರು ಡೋಗಿ ಬರವೆಂದು ಕರೆದರು. ಸಂಸ್ಕಾರವಿಲ್ಲದೆ ಬಿದ್ದ ತಲೆಬುರುಡೆಗಳಿಂದ ನೆಲವೇ ಮುಚ್ಚಿಹೋಗಿತ್ತೆಂಬ ನೆನಪು ಆ ಹೆಸರಿನಲ್ಲಿ ಉಳಿದುಬಂದಿದೆ. 1876-77ರ ಕ್ಷಾಮದ ವೃತ್ತಾಂತವು 1884ರಲ್ಲಿ ಅಚ್ಚಾದ ವಿಜಾಪುರ ಜಿಲ್ಲೆಯ ಗ್ಯಾಜೆಟಿಯರಿನಲ್ಲಿ ಸೇರಿದೆ. ಆದರೆ ಅದೇ ಸೀಮೆಯ ಒಕ್ಕಲಿಗನು ಬರದಷ್ಟೇ ಅಂಜುವ ಮತ್ತೊಂದು ಉತ್ಪಾತಕ್ಕೆ ಹೆಸರೂ ಇಲ್ಲ, ಚರಿತ್ರೆಯೂ ಇಲ್ಲ. ಅದುವೇ ಆಲಿಕಲ್ಲಿನ ಮಳೆ. ಬರವು ನಾಡನ್ನೆಲ್ಲ ಆವರಿಸುವುದು. ಆಲಿಕಲ್ಲಾದರೋ ಒಂದು ಹೊಲವನ್ನು ಬಡಿದು ಪಕ್ಕದ ಹೊಲವನ್ನು ಬಿಟ್ಟುಹೋಗುವುದು. ಎಲ್ಲರೂ ಕೂಡಿ ಅನುಭವಿಸಿದ ಸಂಕಟಕ್ಕೆ ಹೆಸರು ಹುಟ್ಟುವುದೇ ಹೊರತು ಒಬ್ಬೊಬ್ಬನಾಗಿ ಅನುಭವಿಸಿದ ಸಂಕಟಕ್ಕೆ ಹುಟ್ಟುವುದಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಆಲಿಕಲ್ಲಿನ ಚರಿತ್ರೆಯು ತಿಳಿಯಾಗುವುದು.

ಸಂಸ್ಕೃತದಲ್ಲಿ ಇದಕ್ಕೆ ವರ್ಷೋಪಲ, ಕರಕ ಎಂಬ ಪರ್ಯಾಯಗಳನ್ನು ಅಮರಸಿಂಹನು ಕೊಟ್ಟಿರುವನು. ಛಾಂದೋಗ್ಯೋಪನಿಷತ್ತಿನಲ್ಲಿ ಉಷಸ್ತಿ ಚಾಕ್ರಾಯಣನೆಂಬ ವಿಪ್ರನು ಪತ್ನೀಸಮೇತನಾಗಿ ಹಸಿವಿನಿಂದ ಅಲೆದು, ಆನೆಯವನೊಬ್ಬನು ತಿನ್ನುತ್ತಿದ್ದ ಎಂಜಲು ಧಾನ್ಯವನ್ನೇ ಬೇಡಿ ತಿಂದ ಕಥೆಯಿರುವುದಷ್ಟೆ. ಕುರುದೇಶವು 'ಮಟಚಿ'ಗಳಿಂದ ಹಾಳಾಗಿದ್ದುದೇ ಆ ದುರ್ದಶೆಗೆ ಕಾರಣವು. ಶಂಕರಭಗವತ್ಪಾದರು ಈ ಶಬ್ದಕ್ಕೆ ಅಶನಿಯೆಂದು ಅರ್ಥ ಹೇಳಿರುವರು. ಆಕಾಶದಿಂದ ಬೀಳುವ ಕಲ್ಲಿನಮಳೆಯೆಂದು ಹಲವರು ಅದನ್ನು ವಿವರಿಸಿದರು. ಈಚಿನ ವಿದ್ವಾಂಸರಲ್ಲಿ ಕೆಲವರು ಮಟಚಿಯನ್ನು ಕನ್ನಡದ ಮಿಡಿಚೆ ಶಬ್ದದೊಡನೆ ಹೋಲಿಸಿ, ಬೆಳೆಯನ್ನು ತಿಂದದ್ದು ಮಿಡತೆಯ ಹಿಂಡೆಂದು ವಾದಿಸಿರುವರು. ಯಾವ ಪಕ್ಷವನ್ನು ಹಿಡಿದರೂ ಒಂದು ಮಾತು ನಿಶ್ಚಯ: ತೆನೆಗಟ್ಟಿದ ಬೆಳೆಯು ಒಮ್ಮೆಲೇ ನಾಶವಾದರೆ ವಿದ್ವಾಂಸನೂ ಭಿಕ್ಷುಕನಾಗುವನೆಂಬುದನ್ನು ಆ ಕಾಲದವರು ಕಂಡಿದ್ದರು.

ಆಲಿಕಲ್ಲು ಹುಟ್ಟುವ ಬಗೆಯನ್ನು ವರಾಹಮಿಹಿರನು ಬೃಹತ್ಸಂಹಿತೆಯ ಗರ್ಭಲಕ್ಷಣಾಧ್ಯಾಯದಲ್ಲಿ ವಿಚಾರಿಸಿರುವನು. ಪುಷ್ಟವಾದ ಮೇಘಗರ್ಭವು ಗ್ರಹಪೀಡೆಯೇ ಮೊದಲಾದ ಅಡ್ಡಿಗಳಿಂದ ಸಕಾಲದಲ್ಲಿ ಸುರಿಯದೆ ಹೋದರೆ ಆಮೇಲೆ ಕರಕಮಿಶ್ರವಾದ ನೀರನ್ನು ಸುರಿಸುವುದೆಂದೂ, ಬಹುಕಾಲ ಕರೆಯದೆ ಬಿಟ್ಟ ಹಸುವಿನ ಹಾಲು ಗಟ್ಟಿಯಾಗುವಂತೆ ಕಾಲ ಮೀರಿದ ನೀರೂ ಗಟ್ಟಿಯಾಗುವುದೆಂದೂ ಅವನ ಅಭಿಪ್ರಾಯ. ಗ್ರಹಗಳ ಮಾತನ್ನು ಬಿಟ್ಟರೂ ಉಪಮಾನದಲ್ಲಿ ಒಂದು ಸತ್ಯಾಂಶವಿದೆ. ಇಂದಿನ ಶಾಸ್ತ್ರದ ಪ್ರಕಾರ, ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಕಾದ ನೆಲದ ಗಾಳಿಯು ತೇವವನ್ನು ಹೊತ್ತು ರಭಸದಿಂದ ಮೇಲೇರಿ, 10 ಕಿಲೋಮೀಟರಿಗೂ ಎತ್ತರವಾದ ಮೋಡವನ್ನು ಕಟ್ಟುವುದು. ಅಲ್ಲಿಯ ನೀರಿನ ಹನಿಗಳು ಶೂನ್ಯಾಂಶಕ್ಕಿಂತ ತಂಪಾಗಿದ್ದರೂ ಹೆಪ್ಪುಗಟ್ಟದೆ ಇರುವುವು. ಮಂಜಿನ ಕಣವೊಂದು ಅವುಗಳ ನಡುವೆ ಸಿಕ್ಕಿದರೆ ಅವು ಅದಕ್ಕೆ ತಗುಲಿದೊಡನೆಯೇ ಗಡ್ಡೆಗಟ್ಟುವುವು. ಮೇಲ್ಮುಖವಾದ ಗಾಳಿಯು ಆ ಕಣವನ್ನು ಬೀಳಗೊಡದೆ ಎಷ್ಟು ಹೊತ್ತು ತಡೆಹಿಡಿಯುವುದೋ ಅಷ್ಟೂ ಅದು ಬೆಳೆಯುತ್ತ ಹೋಗುವುದು. ದೊಡ್ಡ ಆಲಿಕಲ್ಲನ್ನು ಸೀಳಿದರೆ ಉಳ್ಳಾಗಡ್ಡಿಯಂತೆ ಪದರಗಳು ಕಾಣುವುದು ಇದರಿಂದಲೇ. ಸಕಾಲದಲ್ಲಿ ಇಳಿಯದೆ ತಡೆದ ನೀರೇ ಕಲ್ಲಾಗುವುದೆಂಬ ಮಾತು ಹೀಗೆ ಬೇರೊಂದು ದಾರಿಯಿಂದ ಸಿದ್ಧವಾಯಿತು.

ಕನ್ನಡದ ಹೆಸರಿನಲ್ಲಿಯೂ ಒಂದು ಸ್ವಾರಸ್ಯವುಂಟು. ಆಲಿ ಎಂಬುದು ಹಳೆಯ ದ್ರಾವಿಡ ಶಬ್ದ. ತಮಿಳಿನಲ್ಲಿಯೂ ಅದೇ ಅರ್ಥದಲ್ಲಿ ಇದೆ. ಕನ್ನಡದ ಬಾಯಲ್ಲಿ ಅದು ಆಲಿಕಲ್ಲು, ಆಣೆಕಲ್ಲು, ಆನೆಕಲ್ಲು ಎಂದು ಬಗೆಬಗೆಯಾಗಿ ನಡೆದುಬಂದಿದೆ. ಮುಂಬಯಿಯಲ್ಲಿ ಪತ್ರಿಕೆಯೊಂದರ ಸಂಪಾದಕನಾಗಿದ್ದ ಡಾಕ್ಟರ್ ಜಾರ್ಜ್ ಬುಯಿಸ್ಟನು ಹಿಂದುಸ್ತಾನದ ಆಲಿಕಲ್ಲಿನ ಮಳೆಗಳ ವೃತ್ತಾಂತವನ್ನು ಕೂಡಿಸಿ 1855ರಲ್ಲಿ ಪ್ರಕಟಿಸಿದನು. ಟೀಪು ಸುಲ್ತಾನನ ಆಳಿಕೆಯ ಕೊನೆಯಲ್ಲಿ ಶ್ರೀರಂಗಪಟ್ಟಣದ ಬಳಿ ಆನೆಯ ಗಾತ್ರದ ಹಿಮಗಡ್ಡೆಯೊಂದು ಬಿದ್ದಿತೆಂಬ ಐತಿಹ್ಯವು ಅಂದಿನ ಆಂಗ್ಲರ ಬರಹಗಳಲ್ಲಿ ಪ್ರಚಾರದಲ್ಲಿತ್ತು. ಮೋಡದಲ್ಲಿ ಅಂಥ ಗಡ್ಡೆಯು ನಿಲ್ಲುವುದು ಅಸಂಭವ. ತಗ್ಗಿನಲ್ಲಿ ರಾಶಿಬಿದ್ದ ಆಲಿಕಲ್ಲುಗಳು ಒಂದಕ್ಕೊಂದು ಹತ್ತಿ ಒಂದೇ ಬಂಡೆಯಂತಾಗುವುದುಂಟು; ಅದನ್ನು ಕಂಡವರ ಮಾತು ಬೆಳೆದಿರಬಹುದು. 'ಆನೆಕಲ್ಲು ಬಿತ್ತು' ಎಂಬ ಕನ್ನಡಿಗನ ಮಾತನ್ನು ಪರಭಾಷೆಯವನು ಅಕ್ಷರಶಃ ತಿಳಿದುಕೊಂಡದ್ದೂ ಐತಿಹ್ಯಕ್ಕೆ ಮೂಲವಾಗಿರಬಹುದೆಂದು ಊಹಿಸಲು ಅವಕಾಶವಿದೆ. ನಿಜವಾಗಿ ತೂಗಿದ ಆಲಿಕಲ್ಲುಗಳಲ್ಲಿ ಅತ್ಯಂತ ಭಾರವಾದುದು 1986ರ ಏಪ್ರಿಲ್ 14ರಂದು ಬಾಂಗ್ಲಾದೇಶದ ಗೋಪಾಲಗಂಜದಲ್ಲಿ ಬಿದ್ದುದು. ಅದರ ತೂಕ 1.02 ಕಿಲೋಗ್ರಾಂ. ಆ ಮಳೆಗೆ 92 ಜನರು ಬಲಿಯಾದರು. ಅಮೆರಿಕೆಯ ದಕ್ಷಿಣ ಡಕೋಟಾ ಪ್ರಾಂತದ ವಿವಿಯನ್ ಎಂಬ ಊರಿನಲ್ಲಿ 2010ರ ಜುಲೈ 23ರಂದು ಬಿದ್ದ ಕಲ್ಲಿನ ಅಡ್ಡಳತೆ ಸುಮಾರು 20 ಸೆಂಟಿಮೀಟರು.

ಇತಿಹಾಸಕಾರರ ಲೇಖನಿಗೆ ಸಿಕ್ಕಿದ ಆಲಿಕಲ್ಲುಗಳು ಯಾವುವೆಂದು ನೋಡಿದರೆ ಮೊದಲು ಹೇಳಿದ ಮಾತು ಸ್ಪಷ್ಟವಾಗುವುದು. 1360ರ ಏಪ್ರಿಲ್ 13ರಂದು ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ದೊರೆಯ ದಂಡು ಫ್ರಾನ್ಸಿನ ಚಾರ್ಟ್ರೆ ನಗರದ ಸಮೀಪದಲ್ಲಿ ಬಯಲಿನಲ್ಲಿರಲು, ಬಿರುಗಾಳಿ ಶೀತಗಳೊಡನೆ ಬಿದ್ದ ಆಲಿಕಲ್ಲಿಗೆ ಸಿಪಾಯಿಗಳೂ ಕುದುರೆಗಳೂ ಬಹುಸಂಖ್ಯೆಯಲ್ಲಿ ಸತ್ತುಹೋದವು. ಮುಂದಿನ ತಿಂಗಳಿನಲ್ಲಿಯೇ ಬ್ರೆಟಿನ್ಯಿಯ ಕೌಲು ನಡೆಯಿತು. ರಾಜನ ದಂಡಿನ ಮೇಲೆ ಬಿದ್ದುದರಿಂದ ಅದು ಬಖೈರುಗಳಲ್ಲಿ ಸೇರಿತು. 1788ರ ಜುಲೈ 13ರಂದು ಫ್ರಾನ್ಸಿನ ನೈಋತ್ಯದಿಂದ ಈಶಾನ್ಯಕ್ಕೆ ಎರಡು ಸಮಾನಾಂತರ ಪಟ್ಟಿಗಳಾಗಿ ಆಲಿಕಲ್ಲು ಸುರಿಯಿತು. ಒಂದೊಂದು ಸ್ಥಳದಲ್ಲಿ ಅದು ಸುರಿದದ್ದು ಏಳೆಂಟು ನಿಮಿಷ ಮಾತ್ರ; ಎರಡು ಪಟ್ಟಿಗಳ ನಡುವಣ ನಾಡಿನಲ್ಲಿ ಬರಿಯ ಮಳೆ. ಆದರೂ ಕೊಯ್ಲಿಗೆ ಬಂದ ಬೆಳೆಯು ಸಾವಿರಕ್ಕೂ ಹೆಚ್ಚು ಗ್ರಾಮಗಳಲ್ಲಿ ನೆಲಸಮವಾಯಿತು. ಅನಾವೃಷ್ಟಿಯೂ ಮುಂದಿನ ಘೋರವಾದ ಚಳಿಗಾಲವೂ ಇದರೊಡನೆ ಕೂಡಿ ರೊಟ್ಟಿಯ ಬೆಲೆಯೇರಿತು. ಒಂದು ವರುಷ ಒಂದು ದಿನ ಕಳೆಯುವಷ್ಟರಲ್ಲಿ ಬ್ಯಾಸ್ಟೀಲಿನ ಕೋಟೆ ಬಿದ್ದಿತು. ಆಲಿಕಲ್ಲೇ ಕ್ರಾಂತಿಯನ್ನು ಮಾಡಿತೆನ್ನುವುದು ಅತಿಶಯೋಕ್ತಿ. ಸಾಲದಲ್ಲಿ ಮುಳುಗಿದ ಸರಕಾರವು ಹಸಿದ ಜನರನ್ನು ಕಾಯಲಾರದೆ ಹೋದುದೇ ನಿಜವಾದ ಕಾರಣವು.

1888ರ ಏಪ್ರಿಲ್ 30ರಂದು ಉತ್ತರ ಹಿಂದುಸ್ತಾನದ ಮುರಾದಾಬಾದಿನಲ್ಲಿ 246 ಜನರು ಆಲಿಕಲ್ಲಿಗೆ ಬಲಿಯಾದರು. ಕೆಲವರು ಏಟು ತಿಂದು ಸತ್ತರು. ಕೆಲವರು ಹಿಮರಾಶಿಯ ಶೀತದಿಂದ ಸತ್ತರು. ದನಕುರಿಗಳಂತೂ ಸಾವಿರಾರು. ಒಂದೇ ಆಲಿಕಲ್ಲಿನ ಮಳೆಯಲ್ಲಿ ಇಷ್ಟು ಪ್ರಾಣಹಾನಿಯಾದ ಬೇರೊಂದು ದಾಖಲೆಯಿಲ್ಲವೆಂದು ಜಾಗತಿಕ ಹವಾಮಾನ ಸಂಸ್ಥೆಯು 2017ರಲ್ಲಿ ನಿರ್ಧರಿಸಿತು. ಇದಕ್ಕೆ ಪ್ರತಿಯಾಗಿ 1999ರ ಏಪ್ರಿಲ್ 14ರಂದು ಆಸ್ಟ್ರೇಲಿಯದ ಸಿಡ್ನಿಯಲ್ಲಿ ಸುರಿದ ಆಲಿಕಲ್ಲು ಮುಖ್ಯವಾಗಿ ಮನೆಯ ಹಂಚುಗಳನ್ನೂ ಮೋಟಾರುಗಳನ್ನೂ ಒಡೆಯಿತು. ವಿಮಾ ಕಂಪನಿಗಳು ಕೊಟ್ಟ ಹಣವೇ 170 ಕೋಟಿ ಆಸ್ಟ್ರೇಲಿಯದ ಡಾಲರು. ಬಡವರ ನಾಡಿನಲ್ಲಿ ಜೀವವೂ ಸಿರಿವಂತರ ನಾಡಿನಲ್ಲಿ ಧನವೂ ಹೋಗುವುದು ಈ ಉತ್ಪಾತದ ಸಾಮಾನ್ಯ ಕ್ರಮವೆನ್ನಬಹುದು.

ಇನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಗೆ ತಿರುಗೋಣ. ಇಂದು ಇವು ಬಾಗಲಕೋಟೆ ಜಿಲ್ಲೆಯ ತಾಲೂಕುಗಳು. ಆದರೆ 1948ರ ವಿಲೀನೀಕರಣದವರೆಗೆ ಇವು ಒಂದೇ ಆಡಳಿತದಲ್ಲಿ ಇರಲಿಲ್ಲ. ಜಮಖಂಡಿಯು ಪಟವರ್ಧನರದು, ಮುಧೋಳವು ಘೋರ್ಪಡೆಯವರದು, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯದು. ಕೂಗಳತೆಯಲ್ಲಿರುವ ರಬಕವಿ ಬನಹಟ್ಟಿಗಳೇ ಬೇರೆ ಬೇರೆ. ರಬಕವಿಯು ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದಿತು. ಮೋಡಕ್ಕೆ ಸಂಸ್ಥಾನಗಳ ಗಡಿಯಿಲ್ಲ. ಘಟಪ್ರಭೆಯ ಮೇಲೆ ಹುಟ್ಟಿದ ಆಲಿಕಲ್ಲಿನ ಪಟ್ಟಿಯು ಕೃಷ್ಣೆಯನ್ನು ಮುಟ್ಟುವಷ್ಟರಲ್ಲಿ ಮೂರು ಕಚೇರಿಗಳ ಸೀಮೆಯನ್ನು ದಾಟಬಹುದು. ಪ್ರತಿಯೊಂದು ಕಚೇರಿಗೂ ಅದು ನಾಲ್ಕಾರು ಹೊಲಗಳ ಅಲ್ಪಹಾನಿಯಾಗಿಯೇ ಕಾಣುವುದು. ಒಂದು ದೊಡ್ಡ ನಷ್ಟವು ಹೀಗೆ ಚೂರುಚೂರಾಗಿ ಕಾಗದದಿಂದ ಮರೆಯಾಗಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಇರಲಾರದು.

ಈ ಸೀಮೆಯಲ್ಲಿ ಆಲಿಕಲ್ಲಿನ ಕಾಲವು ಮುಂಗಾರಿಗೆ ಮುಂಚಿನ ಅಡ್ಡಮಳೆಗಳ ಕಾಲ. ಎರೆಹೊಲದ ಹಿಂಗಾರಿ ಜೋಳವು ಕೊಯ್ಲಾಗಿ ಕಣಕ್ಕೆ ಬರುವುದೂ, ಕಡಲೆ ಕುಸುಬೆಗಳ ರಾಶಿಯಾಗುವುದೂ ಅದರ ಅಂಚಿನಲ್ಲಿಯೇ. ಬಿತ್ತಿದ ಬೀಜ, ಹೂಡಿದ ಎತ್ತು, ಕೊಟ್ಟ ಕೂಲಿ ಎಲ್ಲವೂ ವೆಚ್ಚವಾದ ಮೇಲೆ, ಆದಾಯವು ಕೈಗೆ ಬರುವ ಮೊದಲು ಅದು ಬೀಳುವುದು. ಬರವು ಬಿತ್ತುವವನನ್ನು ಮೊದಲೇ ಎಚ್ಚರಿಸುವುದು. ಆಲಿಕಲ್ಲು ಉಣ್ಣಲು ಕುಳಿತವನ ಎಲೆಯನ್ನೇ ಎಳೆಯುವುದು. ನೀರಾವರಿಯು ಹೆಚ್ಚಿದಂತೆ ಹಾನಿಯ ಬೆಲೆಯೂ ಹೆಚ್ಚಿತು. ಜೋಳವಿದ್ದ ಹಲವೆಡೆಗಳಲ್ಲಿ ದ್ರಾಕ್ಷಿ ದಾಳಿಂಬೆಗಳು ಬಂದವು. ದ್ರಾಕ್ಷಿಯು ಹಣ್ಣಾಗುವುದೂ ಒಣದ್ರಾಕ್ಷಿಯು ಚಪ್ಪರದಲ್ಲಿ ಒಣಗುವುದೂ ಫಾಲ್ಗುಣ ಚೈತ್ರಗಳಲ್ಲಿ. ನಿಂಬೆಯ ಗಾತ್ರದ ಕಲ್ಲು ಗಂಟೆಗೆ 100 ಕಿಲೋಮೀಟರಿನಷ್ಟು ವೇಗದಿಂದ ಇಳಿಯುವುದಾದುದರಿಂದ ಹಣ್ಣೊಡೆಯುವುದಲ್ಲದೆ ಬಳ್ಳಿಯ ತೊಗಟೆಯೂ ಸೀಳಿ ಮುಂದಿನ ವರುಷದ ಫಲವೂ ಕುಂದುವುದು. ಹಳೆಯ ಮಣ್ಣಿನ ಮಾಳಿಗೆಯು ತಡೆದುಕೊಳ್ಳುತ್ತಿದ್ದ ಪೆಟ್ಟನ್ನು ಇಂದಿನ ತಗಡು ತಡೆಯಲಾರದು. ಮಗ್ಗದ ಮನೆಯಲ್ಲಿ ತಗಡು ತೂತಾದರೆ ಹಾಸಿನಲ್ಲಿದ್ದ ನೂಲೂ ನೆನೆಯುವುದು. 2014ರ ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ದಿನಗಟ್ಟಲೆ ಬಿದ್ದ ಆಲಿಕಲ್ಲು ಹಿಂಗಾರಿ ಬೆಳೆಯನ್ನೂ ಹಣ್ಣಿನ ತೋಟಗಳನ್ನೂ ಒಟ್ಟಿಗೆ ಕೆಡಿಸಿದುದು ಹಲವರ ನೆನಪಿನಲ್ಲಿರಬಹುದು.

ಇದಕ್ಕೆ ಮನುಷ್ಯರು ಹುಡುಕಿದ ಪ್ರತೀಕಾರಗಳು ಹಲವು. ಯೂರೋಪಿನ ಹಳ್ಳಿಗಳಲ್ಲಿ ದೇವಾಲಯದ ಗಂಟೆಗಳನ್ನು ಬಾರಿಸುತ್ತಿದ್ದರು. ನಾಗಪುರ ವರ್ಹಾಡಗಳ ಕಡೆಗೆ ಗಾರಪಗಾರಿಗಳೆಂಬವರು ಮಂತ್ರದಿಂದ ಗಾರೆಯನ್ನು, ಎಂದರೆ ಆಲಿಕಲ್ಲನ್ನು, ತಡೆಯುವರೆಂದು ಊರವರಿಂದ ಧಾನ್ಯದ ಹಕ್ಕು ಪಡೆಯುತ್ತಿದ್ದರು. 1896ರಲ್ಲಿ ಆಸ್ಟ್ರಿಯದ ಸ್ಟೈರಿಯಾ ಪ್ರಾಂತದ ಆಲ್ಬರ್ಟ್ ಸ್ಟೀಗರನೆಂಬ ದ್ರಾಕ್ಷಿಯ ಬೆಳೆಗಾರನು ಮೋಡಕ್ಕೆ ತೋಪು ಹಾರಿಸುವ ಯಂತ್ರವನ್ನು ಹೂಡಿದನು. ಕೆಲವೇ ವರುಷಗಳಲ್ಲಿ ಇಟಲಿಯಲ್ಲಿ ಸಾವಿರಾರು ತೋಪುಗಳು ನೆಟ್ಟವು. ಅಲ್ಲಿಯ ಸರಕಾರವು 1902ರಿಂದ ಪರೀಕ್ಷೆ ಮಾಡಿಸಲು ಅವು ನಿಷ್ಫಲವೆಂದು ಕಂಡುಬಂದಿತು. ಮಂತ್ರವಾದಿಗೂ ತೋಪಿನವನಿಗೂ ಅನುಕೂಲವಾದುದು ಆಲಿಕಲ್ಲಿನ ಸ್ವಭಾವವೇ: ಬಹುಪಾಲು ಹೊಲಗಳನ್ನು ಅದು ತಾನಾಗಿಯೇ ಬಿಟ್ಟುಹೋಗುವುದಷ್ಟೆ. ತೋಟದ ಮೇಲೆ ಬಲೆ ಕಟ್ಟುವುದೊಂದು ಫಲಕಾರಿಯಾದ ಉಪಾಯ. ಆದರೆ ಅದಕ್ಕೆ ಹಣಬೇಕು.

ತಡೆಯಲಾರದುದನ್ನು ಹಂಚಿಕೊಳ್ಳುವುದೇ ಉಳಿದ ದಾರಿ. ಜರ್ಮನಿಯ ಮೆಕ್ಲೆನ್‌ಬುರ್ಗದ ಒಕ್ಕಲಿಗರು 1797ರಲ್ಲಿಯೇ ಆಲಿಕಲ್ಲಿನ ಪರಸ್ಪರ ವಿಮಾಸಂಘವನ್ನು ಕಟ್ಟಿದರು. ಈ ವರುಷ ಬದುಕಿದ ಹೊಲವು ಬಡಿಸಿಕೊಂಡ ಹೊಲಕ್ಕೆ ಕೊಡಬೇಕೆಂಬುದೇ ಅದರ ತತ್ತ್ವ. ಭಾರತದಲ್ಲಿ 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ಆಲಿಕಲ್ಲನ್ನು ಸ್ಥಳೀಯ ಉತ್ಪಾತವೆಂದು ಎಣಿಸಿ, ಹಾನಿಯನ್ನು ಹೊಲಹೊಲವಾಗಿ ಅಳೆಯುವ ಕ್ರಮವನ್ನಿಟ್ಟಿತು. ಆದರೆ ವಿಮೆ ಇಳಿಸಿದವನು 72 ಗಂಟೆಗಳೊಳಗಾಗಿ ವರದಿ ಕೊಡಬೇಕೆಂಬುದು ನಿಯಮ. ಮಳೆಯ ಮಾಪಕವು ನೀರನ್ನು ಅಳೆಯಬಲ್ಲದು, ಏಟನ್ನು ಅಳೆಯಲಾರದು. ಆದುದರಿಂದ ಕಂಡವನು ಹೇಳಿದ ಹೊರತು ಆಲಿಕಲ್ಲು ಬಿದ್ದುದು ಸರಕಾರಕ್ಕೆ ತಿಳಿಯುವುದೇ ಕಷ್ಟ.

ಇಲ್ಲಿಯೇ ವಿದ್ಯಾವಂತ ಕುಟುಂಬಗಳ ಕರ್ತವ್ಯವಿರುವುದು. ಯಾವ ತಿಥಿ, ಯಾವ ಗಳಿಗೆ, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ, ಕಲ್ಲು ಕಡಲೆಯಷ್ಟೋ ನಿಂಬೆಯಷ್ಟೋ, ಯಾವ ಹೊಲದಿಂದ ಯಾವ ಹೊಲದವರೆಗೆ ಎಂಬ ನಾಲ್ಕು ಸಾಲುಗಳನ್ನು ಮನೆಯ ಪಂಚಾಂಗದ ಅಂಚಿನಲ್ಲಿ ಬರೆದಿಡುವುದು ದೊಡ್ಡ ಶ್ರಮವಲ್ಲ. ಓದುಬರಹ ಬಾರದ ನೆರೆಯವನ ವರದಿಯನ್ನು ಮೂರು ದಿನಗಳೊಳಗೆ ಬರೆದುಕೊಡುವುದೂ ಅಷ್ಟೇ ಸುಲಭ. ಮುರಾದಾಬಾದಿನ 246 ಜನರು ಇಂದಿಗೂ ಎಣಿಕೆಯಲ್ಲಿರುವುದು ಯಾರೋ ಎಣಿಸಿ ಬರೆದುದರಿಂದ. ಹೆಸರಿಲ್ಲದ ಉತ್ಪಾತಕ್ಕೆ ಹೆಸರು ಕೊಡಲಾಗದಿದ್ದರೂ ತಾರೀಖನ್ನಾದರೂ ಕೊಟ್ಟರೆ, ಬಡಿಸಿಕೊಂಡವನ ಮಾತಿಗೆ ಸಾಕ್ಷಿಯಾದರೂ ಉಳಿಯುವುದು.