ಎರಡನೆಯ ಅಖಾಡ

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ನ್ಯಾಮತಿಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದವನು. ಈಗ ತನ್ನ ಊರಿನ ಜಾತ್ರಾ ಸಮಿತಿಯಲ್ಲಿದ್ದಾನೆ. ಕಾಫಿ ಕುಡಿದು, ಮನೆಯವರ ಕ್ಷೇಮಸಮಾಚಾರವನ್ನೆಲ್ಲ ವಿಚಾರಿಸಿದ ಮೇಲೆ ಬಂದ ಕಾರಣವನ್ನು ಹೇಳಿದ. "ಸಾರ್, ನಮ್ಮೂರ ಜಾತ್ರೆ ಕುಸ್ತಿಗೆ ಜನ ಚೆನ್ನಾಗಿ ಸೇರ್ತಾರೆ. ದೀಪಾವಳಿಗೂ ಒಂದು ಇಡೋಣ ಅಂತ ಹುಡುಗರು ಹಟ ಹಿಡಿದಿದಾರೆ. ಇಟ್ಟರೆ ಹೆಂಗೆ ಅಂತೀರಿ?"

ಬರೆದು ತಿಳಿಸುತ್ತೇನೆ ಎಂದೆ. ಅವನು ನಕ್ಕ. ತರಗತಿಯಲ್ಲಿ ಕಷ್ಟದ ಪ್ರಶ್ನೆ ಕೇಳಿದಾಗಲೂ ನಾನು ಹೀಗೆಯೇ ಮರುದಿನಕ್ಕೆ ಮುಂದೂಡುತ್ತಿದ್ದೆನಂತೆ. ನಿಜ ಹೇಳಬೇಕೆಂದರೆ, ಆ ಪ್ರಶ್ನೆ ಕಿವಿಗೆ ಬಿದ್ದೊಡನೆ ನನ್ನ ಮನಸ್ಸಿಗೆ ಬಂದದ್ದು ನಮ್ಮ ಸೀಮೆಯ ಅಖಾಡವಲ್ಲ, ಅಮೆರಿಕದ ಅಟ್ಲಾಂಟಾ ನಗರದ ಒಂದು ಕುಸ್ತಿ ಕಂಪನಿ. ಮೇಷ್ಟ್ರಿಗೆ ಇದೆಲ್ಲಿಯ ಹುಚ್ಚು ಎಂದು ನಗಬೇಡಿ. ಇದಕ್ಕೆ ಕಾರಣರು ನೀವೇ.

ತೊಂಬತ್ತರ ದಶಕದ ಕೊನೆಯಲ್ಲಿ, ಹೊನ್ನಾಳಿ ತಾಲ್ಲೂಕು ಶಿವಮೊಗ್ಗವನ್ನು ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ್ದ ಆಸುಪಾಸಿನ ದಿನಗಳಲ್ಲಿ, ಹುಡುಗರ ಕಂಪಾಸು ಪೆಟ್ಟಿಗೆಗಳಲ್ಲಿ ಕೈವಾರಕ್ಕಿಂತ ಹೆಚ್ಚಾಗಿ ಸಿಗುತ್ತಿದ್ದುದು ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡುಗಳು. ಎತ್ತರ ಎಷ್ಟು, ತೂಕ ಎಷ್ಟು ಎಂದು ಅಂಕಿಗಳನ್ನು ಹೋಲಿಸಿ ಆಡುವ ಆಟ. ಅವುಗಳನ್ನು ಕಿತ್ತುಕೊಂಡು ಮೇಜಿನ ಖಾನೆಯಲ್ಲಿಟ್ಟು, ವರ್ಷದ ಕೊನೆಗೆ ಹಿಂದಿರುಗಿಸುತ್ತಿದ್ದವನು ನಾನೇ. ಬೀಗ ಹಾಕಿದ ಖಾನೆಯಲ್ಲಿದ್ದುದನ್ನು ಬಿಡುವಿನ ವೇಳೆಯಲ್ಲಿ ಒಮ್ಮೊಮ್ಮೆ ತೆಗೆದು ಓದುತ್ತಿದ್ದೆ ಎಂಬ ಸಂಗತಿಯನ್ನು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳುತ್ತೇನೆ. ನಿವೃತ್ತಿಯ ನಂತರ ಆ ಕಂಪನಿಗಳ ಚರಿತ್ರೆಯನ್ನೂ ಓದಿದೆ. ಸಾಮ್ರಾಜ್ಯಗಳ ಪತನವನ್ನು ಪಾಠ ಮಾಡಿದವನಿಗೆ ಅದು ಅಪರಿಚಿತವೆನಿಸಲಿಲ್ಲ.

ಮೊದಲು ನಮ್ಮ ಕಡೆಯ ಕ್ರಮವನ್ನು ನೆನೆಯೋಣ. ಕುಸ್ತಿ ನಡೆಯುವುದು ಅಖಾಡದಲ್ಲಾದರೂ ಅದು ಹುಟ್ಟುವುದು ಜೋಡಿ ಕಟ್ಟುವಾಗ. ಮೈಸೂರು ದಸರಾದಲ್ಲಿ ಇಂದಿಗೂ ಜೋಡಿ ಕಟ್ಟುವುದೇ ಒಂದು ಪ್ರತ್ಯೇಕ ಕಾರ್ಯಕ್ರಮ. ಯಾರಿಗೆ ಯಾರು ಸಮ, ಯಾವ ಗರಡಿಯವನ ಮೇಲೆ ಯಾವ ಗರಡಿಯವನು ಎಂಬುದು ಗೊತ್ತಾದ ಮೇಲೆ ಊರಿಗೆ ಊರೇ ಅದನ್ನು ಮಾತಾಡುತ್ತದೆ. ಸಂತೆಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಅಡಿಕೆ ಚೇಣಿಯ ಮಾತಿನ ನಡುವೆ ಅದೇ ಚರ್ಚೆ. ಹಲಗೆಯ ಸದ್ದು ಕೇಳುವ ಹೊತ್ತಿಗೆ ಜನ ಅರ್ಧ ಕುಸ್ತಿಯನ್ನು ಮನಸ್ಸಿನಲ್ಲೇ ನೋಡಿ ಮುಗಿಸಿರುತ್ತಾರೆ. ಉಳಿದರ್ಧವನ್ನು ನೋಡಲೆಂದೇ ಬಿಸಿಲಿನಲ್ಲಿ ಕುಳಿತಿರುತ್ತಾರೆ.

ಅಮೆರಿಕದ ಟೀವಿ ಕುಸ್ತಿಯ ವ್ಯಾಪಾರವೂ ಇದೇ. ಒಂದು ವ್ಯತ್ಯಾಸವೆಂದರೆ ಅಲ್ಲಿ ಸೋಲು ಗೆಲುವು ಮೊದಲೇ ನಿಶ್ಚಯವಾಗಿರುತ್ತದೆ. ಆ ಮಟ್ಟಿಗೆ ಅದು ಗರಡಿಗಿಂತ ನಾಟಕ ಕಂಪನಿಗೆ ಹತ್ತಿರ. ಟೀವಿಯಲ್ಲಿ ವಾರವಾರ ಬರುವ ಪ್ರದರ್ಶನ ಜೋಡಿ ಕಟ್ಟುವ ಜಾಗ. ಅದಕ್ಕೆ ನೋಡುಗರು ಬೇರೆ ಹಣ ಕೊಡುವುದಿಲ್ಲ. ತಿಂಗಳಿಗೊಮ್ಮೆ ಬರುವ ದೊಡ್ಡ ಪ್ರದರ್ಶನವನ್ನು ಮನೆಯಲ್ಲಿ ನೋಡಲು ಆ ಕಾಲಕ್ಕೆ ಸುಮಾರು 30 ಡಾಲರ್ ತೆರಬೇಕಿತ್ತು. ಕಂಪನಿಯ ದೊಡ್ಡ ಸಂಪಾದನೆ ಅದರಿಂದ ಮತ್ತು ಊರೂರಿನ ಟಿಕೆಟ್ಟುಗಳಿಂದ. ವಾರದ ಪ್ರದರ್ಶನ ಹಸಿವನ್ನು ಹುಟ್ಟಿಸಬೇಕು, ಹೊಟ್ಟೆಯನ್ನು ತುಂಬಿಸಬಾರದು.

ನಾನು ಹೇಳಹೊರಟ ಕಂಪನಿಯ ಹೆಸರು ಡಬ್ಲ್ಯು.ಸಿ.ಡಬ್ಲ್ಯು. ಟೀವಿ ವಾಹಿನಿಗಳ ಒಡೆಯ ಟೆಡ್ ಟರ್ನರ್ 1988ರಲ್ಲಿ ಕೊಂಡುಕೊಂಡ ಕಂಪನಿ. ಕೆಲವು ವರ್ಷ ನಷ್ಟದಲ್ಲೇ ನಡೆಯಿತು. 1995ರ ಸೆಪ್ಟೆಂಬರ್ 4ರಂದು, ಎರಿಕ್ ಬಿಷಫ್ ಎಂಬಾತನ ಮುಂದಾಳತ್ವದಲ್ಲಿ, ಸೋಮವಾರದ ರಾತ್ರಿ 'ನೈಟ್ರೊ' ಎಂಬ ಪ್ರದರ್ಶನವನ್ನು ಆರಂಭಿಸಿತು. ಎದುರಾಳಿಯಾದ ಡಬ್ಲ್ಯು.ಡಬ್ಲ್ಯು.ಎಫ್. 1993ರಿಂದ ಅದೇ ಸೋಮವಾರ 'ರಾ' ನಡೆಸುತ್ತಿತ್ತು. 1996ರ ಬೇಸಗೆಯಲ್ಲಿ, ಅಮೆರಿಕದ ಮಕ್ಕಳ ಪಾಲಿಗೆ ಭೀಮಸೇನನಂತಿದ್ದ ಹಲ್ಕ್ ಹೋಗನ್ ಒಂದೇ ರಾತ್ರಿಯಲ್ಲಿ ದುರ್ಯೋಧನನಾದ. ಆ ಬೇಸಗೆಯಿಂದ 83 ವಾರ ಸತತವಾಗಿ ನೈಟ್ರೊ ಮುಂದೆ, ರಾ ಹಿಂದೆ.

ಆ ಕಾಲದ ಅತ್ಯುತ್ತಮ ಜೋಡಿ ಹೋಗನ್ ಮತ್ತು ಸ್ಟಿಂಗ್ ಎಂಬವನದು. ಸ್ಟಿಂಗ್ ಮುಖಕ್ಕೆ ಕಪ್ಪು ಬಿಳುಪು ಬಣ್ಣ ಬಳಿದುಕೊಂಡು, ಒಂದು ವರ್ಷಕ್ಕೂ ಮೇಲ್ಪಟ್ಟು ಕುಸ್ತಿಯನ್ನೇ ಆಡದೆ, ಬಹುತೇಕ ಮಾತನ್ನೂ ಆಡದೆ, ಕ್ರೀಡಾಂಗಣದ ಮಾಡಿನ ತೊಲೆಗಳ ನಡುವೆ ನಿಂತು ಕೆಳಗೆ ನೋಡುತ್ತಿದ್ದ. ಅಷ್ಟೇ. ನಮ್ಮ ಬಯಲಾಟದಲ್ಲಿ ಪರದೆಯ ಹಿಂದೆ ಗೆಜ್ಜೆಯ ಸದ್ದು ಮಾತ್ರ ಕೇಳಿಸುತ್ತ ರಕ್ಕಸ ಪಾತ್ರ ಹೊರಬರಲು ತಡಮಾಡುತ್ತದಲ್ಲ, ಅದೇ ವಿದ್ಯೆ. 1997ರ ಡಿಸೆಂಬರ್ 28ರಂದು ಕೊನೆಗೂ ಇಬ್ಬರೂ ಎದುರುಬದುರಾದರು. ಕಂಪನಿಯ ಚರಿತ್ರೆಯಲ್ಲೇ ಅತಿ ಹೆಚ್ಚು ಜನ ಹಣ ಕೊಟ್ಟು ನೋಡಿದ ಪ್ರದರ್ಶನ ಅದು.

ಅದಾದ ಹನ್ನೊಂದು ದಿನಕ್ಕೆ, 1998ರ ಜನವರಿ 8ರ ಗುರುವಾರ, ಎರಡನೆಯ ವಾರದ ಪ್ರದರ್ಶನ 'ಥಂಡರ್' ಹುಟ್ಟಿತು. ಕುಸ್ತಿ ವಿಭಾಗಕ್ಕಿಂತ ಹೆಚ್ಚಾಗಿ ಅದನ್ನು ಬಯಸಿದ್ದು ಟರ್ನರ್ ಅವರ ಇನ್ನೊಂದು ವಾಹಿನಿ. ಒಂದು ವಾಹಿನಿಯಲ್ಲಿ ಕುಸ್ತಿಯಿಂದ ಇಷ್ಟು ಜನ ಸೇರುತ್ತಾರಾದರೆ ಇನ್ನೊಂದರಲ್ಲೂ ಸೇರಲಿ ಎಂಬ ಲೆಕ್ಕ. ತನಗೆ ಅದು ಬೇಕಿರಲಿಲ್ಲ ಎಂದು ಬಿಷಫ್ ಆಮೇಲೆ ಹೇಳಿಕೊಂಡಿದ್ದಾರೆ. ಅದೇ ತಿಂಗಳು ನೈಟ್ರೊ ಕೂಡ ಎರಡು ಗಂಟೆಯಿಂದ ಮೂರಕ್ಕೆ ಬೆಳೆಯಿತು. ಎರಡೂ ಸೇರಿ ವಾರಕ್ಕೆ ಐದು ಗಂಟೆ. ಹಳೆಯ ಶನಿವಾರದ ಪ್ರದರ್ಶನ ಬೇರೆ.

ಹೊಸ ಅಂಗಡಿಯ ಮೊದಲ ದಿನ ಗಿರಾಕಿಗೆ ಏನಾದರೂ ಕೊಡಬೇಕಲ್ಲ? ಹೋಗನ್ನನ ಎದುರು ಸ್ಟಿಂಗ್ ಗೆದ್ದ ಬಗೆ ವಿವಾದಾಸ್ಪದವೆಂಬ ನೆಪ ಮಾಡಿ, ಥಂಡರಿನ ಮೊದಲ ಸಂಜೆಯಲ್ಲೇ ಅವನಿಂದ ಪಟ್ಟವನ್ನು ಕಿತ್ತುಕೊಂಡು ಸಿಂಹಾಸನ ಖಾಲಿ ಎಂದು ಸಾರಿದರು. ಒಂದು ವರ್ಷ ಕಾದ ಪ್ರೇಕ್ಷಕನ ಆನಂದ ಹನ್ನೊಂದು ದಿನವೂ ಬಾಳಲಿಲ್ಲ. ಫೆಬ್ರವರಿಯಲ್ಲಿ ಸ್ಟಿಂಗ್ ಅದನ್ನು ಮತ್ತೆ ಗೆದ್ದನಾದರೂ ಜನರ ಮೊದಲಿನ ಉಬ್ಬು ತಿರುಗಿ ಬರಲಿಲ್ಲ. ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರಿಸುವ ಪುಟ ಇದು. ಇದ್ದ ಒಂದು ತೆನೆಯನ್ನು ಹಾಲುಗಾಳಿನಲ್ಲೇ ಮುರಿದರು.

ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ದೊಡ್ಡ ಹೆಸರಿನವರು ಗುರುವಾರ ವಿರಳವಾಗಿ ಕಾಣಿಸಿಕೊಂಡರು. ಜನ ಬಹುಬೇಗ ಕಲಿತ ಪಾಠವೆಂದರೆ, ಥಂಡರ್ ತಪ್ಪಿದರೆ ಏನೂ ತಪ್ಪುವುದಿಲ್ಲ ಎಂಬುದು. ಇಲ್ಲಿ ಕಂಪನಿಗೆ ಅಡ್ಡಕತ್ತರಿ. ಮುಖ್ಯವಾದುದನ್ನು ಗುರುವಾರ ಇಟ್ಟರೆ ಸೋಮವಾರ ಮಾತ್ರ ನೋಡುವವನಿಗೆ ಕಥೆಯ ಎಳೆ ಸಿಗುವುದಿಲ್ಲ. ಇಡದಿದ್ದರೆ ಗುರುವಾರ ನೋಡುವವನೇ ಇರುವುದಿಲ್ಲ. ಇನ್ನೊಂದು ಕೆಡುಕು ಇದಕ್ಕಿಂತ ಸೂಕ್ಷ್ಮ. ಬಿಡಿಯಾಗಿ ಒಂದು ಕಂತು ಸಪ್ಪೆಯಾದರೆ ನೋಡುಗ ಆ ಕಂತನ್ನು ಮರೆಯುತ್ತಾನೆ. ವಾರಕ್ಕೆ ಐದು ಗಂಟೆಯಲ್ಲಿ ಮೂರು ಗಂಟೆ ಸಪ್ಪೆಯಾದರೆ, ಕುಸ್ತಿಯೇ ಸಪ್ಪೆ ಎಂದುಕೊಳ್ಳುತ್ತಾನೆ.

ಆ ಗಂಟೆಗಳ ಹೊಟ್ಟೆಬಾಕತನ ಸೋಮವಾರವನ್ನೂ ಬಿಡಲಿಲ್ಲ. 1998ರ ಏಪ್ರಿಲ್‌ನಲ್ಲಿ ರಾ ಮತ್ತೆ ಮುಂದಾಯಿತು. ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ, ಸುಮಾರು 40,000 ಜನರ ಮುಂದೆ, ಸೋಲನ್ನೇ ಕಾಣದೆ ಬರುತ್ತಿದ್ದ ಗೋಲ್ಡ್‌ಬರ್ಗ್ ಹೋಗನ್ನನನ್ನು ಕೆಡವಿ ಪಟ್ಟ ಗೆದ್ದ. ಆ ರಾತ್ರಿಯ ಮಟ್ಟಿಗೆ ನೈಟ್ರೊ ಗೆದ್ದಿತು. ಆದರೆ ಆರೇ ದಿನಗಳಲ್ಲಿ ಹಣ ಕೊಟ್ಟು ನೋಡುವ ಪ್ರದರ್ಶನವಿತ್ತು! ತಿಂಗಳುಗಟ್ಟಲೆ ಕಾಯಿಸಿ ಮಾರಬಹುದಾಗಿದ್ದ ಜೋಡಿಯನ್ನು ಬೀದಿಯಲ್ಲಿ ಪುಕ್ಕಟೆ ಹಂಚಿದಂತಾಯಿತು. 2000ದ ಒಂದೇ ವರ್ಷದಲ್ಲಿ ಕಂಪನಿ ಸುಮಾರು 6 ಕೋಟಿ ಡಾಲರ್ ಕಳೆದುಕೊಂಡಿತು. 2001ರ ಮಾರ್ಚ್‌ನಲ್ಲಿ ಎದುರಾಳಿಯೇ ಅದನ್ನು ಕೆಲವೇ ದಶಲಕ್ಷ ಡಾಲರುಗಳಿಗೆ ಕೊಂಡ.

ಪಾಣಿಪತ್ ಯುದ್ಧಕ್ಕೆ ಒಂದೇ ಕಾರಣ ಬರೆದವರಿಗೆ ನಾನು ಎಂದೂ ಪೂರ್ಣ ಅಂಕ ಕೊಟ್ಟವನಲ್ಲ. ಇಲ್ಲಿಯೂ ಥಂಡರ್ ಒಂದೇ ಕಾರಣವಲ್ಲ. ಆಡಿದರೂ ಆಡದಿದ್ದರೂ ಕೊಡಬೇಕಾದ ದೊಡ್ಡ ಸಂಬಳಗಳು, ಹಳಬರು ಹೊಸಬರಿಗೆ ದಾರಿ ಬಿಡದಿದ್ದುದು, ಒಡೆತನ ಬದಲಾಗಿ ಹೊಸ ಅಧಿಕಾರಿಗಳಿಗೆ ಕುಸ್ತಿ ಬೇಡವಾದದ್ದು, ಎಲ್ಲವೂ ಇದ್ದವು. ಆದರೆ ಎರಡನೆಯ ಪ್ರದರ್ಶನ ಈ ಪ್ರತಿಯೊಂದು ರೋಗವನ್ನೂ ಬೇಗ ಉಲ್ಬಣಗೊಳಿಸಿತೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಎದುರಾಳಿಯೂ 1999ರ ಆಗಸ್ಟ್‌ನಲ್ಲಿ 'ಸ್ಮ್ಯಾಕ್‌ಡೌನ್' ಎಂಬ ಎರಡನೆಯ ಪ್ರದರ್ಶನ ಆರಂಭಿಸಿ ಬದುಕಿದ್ದು ಹೇಗೆ ಎಂದು ಚುರುಕು ಹುಡುಗರು ಕೇಳಬಹುದು. ಕೇಳಬೇಕು. ಅವರ ಕಣಜ ಆಗ ತುಂಬಿತ್ತು. ಹೆಸರುವಾಸಿಯಾದವರು ಎರಡೂ ದಿನ ಬರುತ್ತಿದ್ದರು. ಸೋಮವಾರದ ಆಟ ಮುಗಿಸಿ ಮಂಗಳವಾರವೇ ಚಿತ್ರೀಕರಿಸಿ ಗುರುವಾರ ತೋರಿಸುತ್ತಿದ್ದುದರಿಂದ ತಿರುಗಾಟದ ದಣಿವೂ ಕಡಿಮೆ. ಸೋತ ಕಂಪನಿಯ ಆಟಗಾರರೂ ಕೈಸೇರಿದ ಮೇಲೆ, 2002ರ ಮಾರ್ಚ್‌ನಲ್ಲಿ, ಅಣ್ಣತಮ್ಮಂದಿರು ಪಾಲಾದ ಹಾಗೆ ಆಟಗಾರರನ್ನೇ ಎರಡು ಪಾಲು ಮಾಡಿ ಇವರು ರಾಗೆ, ಇವರು ಸ್ಮ್ಯಾಕ್‌ಡೌನ್‌ಗೆ ಎಂದರು. ಪಟ್ಟಗಳೂ ಬೇರೆಯಾದವು. ನಮ್ಮ ದೇಶದ ದಲೀಪ್ ಸಿಂಗ್ ರಾಣಾ, ಅಂದರೆ ನೀವು ಬಲ್ಲ ಗ್ರೇಟ್ ಖಲಿ, 2007ರ ಜುಲೈನಲ್ಲಿ ಗೆದ್ದದ್ದು ಆ ಎರಡನೆಯ ಮನೆಯ ಪಟ್ಟವನ್ನು. ಒಂದೇ ಪಟ್ಟವಿದ್ದಿದ್ದರೆ ಅವನ ಸರದಿ ಬರುತ್ತಿತ್ತೋ ಇಲ್ಲವೋ.

ಇನ್ನು ನಮ್ಮ ನಾಡಿನಲ್ಲೇ ಒಂದು ಅಪವಾದವಿದೆ. ಕರಾವಳಿಯ ಕಟೀಲು ದೇವಸ್ಥಾನದ ಯಕ್ಷಗಾನ ಮೇಳ ಒಂದರಿಂದ ಆರಕ್ಕೆ ಬೆಳೆದರೂ ಆಟಕ್ಕೆ ವರ್ಷಗಟ್ಟಲೆ ಸರದಿ ಕಾಯುವವರಿದ್ದರು. ಅದೇ ಸೀಮೆಯಲ್ಲಿ ಟಿಕೆಟ್ ಇಟ್ಟು ಆಡುತ್ತಿದ್ದ ಡೇರೆ ಮೇಳಗಳು ಒಂದೊಂದಾಗಿ ಕಣ್ಮರೆಯಾದವು. ಕಟೀಲಿನಲ್ಲಿ ಆಟಕ್ಕೆ ಹಣ ಕೊಡುವವನು ಹರಕೆ ಹೊತ್ತವನು. ಪ್ರೇಕ್ಷಕನ ಕುತೂಹಲದ ಮೇಲೆ ಮೇಳದ ಅನ್ನ ನಿಂತಿಲ್ಲ. ಡೇರೆಯವರ ಅನ್ನ ನಿಂತಿದ್ದು ಅದರ ಮೇಲೆಯೇ.

ಜಗಳೂರು ತಾಲ್ಲೂಕಿನಲ್ಲಿ ನಾನು ಕೆಲಸಕ್ಕಿದ್ದಾಗ ಒಂದು ಊರಿನವರು ಜಾತ್ರೆಯ ಕುಸ್ತಿ ಗೆದ್ದ ಉತ್ಸಾಹದಲ್ಲಿ ಎರಡೇ ತಿಂಗಳಿಗೆ ಮತ್ತೊಂದನ್ನು ಇಟ್ಟಿದ್ದರು. ಬಂದವರು ಅವರೇ ಪೈಲ್ವಾನರು. ಜೋಡಿಗಳು ಹೆಚ್ಚುಕಡಿಮೆ ಅವೇ. ಯಾರೂ ಮೈಮುರಿದು ಸೆಣಸಲಿಲ್ಲ. ಕುಸ್ತಿಯ ಮೇಲೆ ಕುಸ್ತಿ ಸಮಬಲವಾಯಿತು. ಬೆಳ್ಳಿ ಕಡಗ ಕೊಡುತ್ತೇನೆಂದಿದ್ದ ಸಾಹುಕಾರರು ನಡುವೆಯೇ ಎದ್ದುಹೋದರು. ಮುಂದಿನ ಜಾತ್ರೆಗೆ ವಂತಿಗೆ ಎತ್ತಲು ಹೋದಾಗ ಮನೆಮನೆಯಲ್ಲೂ ಸಿಕ್ಕ ಉತ್ತರ ಒಂದೇ: "ಮೊನ್ನೆ ಕೊಟ್ಟಿದ್ವಲ್ಲಪ್ಪ." ಚನ್ನಗಿರಿಗೆ ವರ್ಗವಾಗಿ ಹೋದ ಮೇಲೂ ಆ ಊರಿನವರು ಸಿಕ್ಕಾಗ ವಿಚಾರಿಸುತ್ತಿದ್ದೆ. ಮೂರು ವರ್ಷ ಅಲ್ಲಿ ಕುಸ್ತಿ ನಡೆಯಲೇ ಇಲ್ಲವಂತೆ.

ಆದ್ದರಿಂದ ನ್ಯಾಮತಿಯ ನನ್ನ ಶಿಷ್ಯನಿಗೆ ಹೀಗೆ ಬರೆದಿದ್ದೇನೆ. ದೀಪಾವಳಿಗೆ ದೊಡ್ಡವರ ಜೋಡಿ ಬೇಡ. ಇಡಲೇಬೇಕೆಂದರೆ ಗರಡಿಯ ಹುಡುಗರದ್ದು, ಹದಿನಾರರ ಒಳಗಿನವರದ್ದು ಇಡು. ಹುಡುಗಿಯರು ಬರುವುದಾದರೆ ಅವರಿಗೂ ಒಂದು ಜೋಡಿ ಕಟ್ಟು. ಇನಾಮು ತೆಂಗಿನಕಾಯಿ, ಟವೆಲ್ಲು, ಕೈಗೊಂದಿಷ್ಟು ಹಣ ಸಾಕು; ಗದೆ ಜಾತ್ರೆಗೇ ಇರಲಿ. ಅಲ್ಲಿ ಗೆದ್ದವನ ಹೆಸರನ್ನು ಜಾತ್ರೆಯ ಕರಪತ್ರದಲ್ಲಿ ಅಚ್ಚು ಹಾಕಿಸು. ಊರವರು ಅವನನ್ನು ನೋಡಲು ಬರುತ್ತಾರೆ.

ಅವನು ಫೋನು ಮಾಡಿದ್ದ. ಹುಡುಗರಿಗೆ ಟವೆಲ್ಲಿನ ಮಾತು ಅಷ್ಟು ಹಿಡಿಸಿಲ್ಲವಂತೆ. ಬರುವ ಅಮಾವಾಸ್ಯೆಗೆ ಸಮಿತಿ ಸಭೆ ಇದೆ, ನೀವೇ ಬಂದು ಹೇಳಿ ಸಾರ್ ಎಂದಿದ್ದಾನೆ. ಮಂಡಿನೋವು ಕಡಿಮೆಯಿದ್ದರೆ ಹೋಗಿಬರಬೇಕೆಂದಿದ್ದೇನೆ.